ಸೋಮವಾರದ ಒಪ್ಪೊತ್ತು

ಮಡಿಕೇರಿ ಪೇಟೆಯಲ್ಲಿ ಯಾವ ಕಡೆ ಹೊರಳಿದರೂ ಒಬ್ಬ ಯೋಧನ ಪ್ರತಿಮೆ ಎದುರಾಗುತ್ತದೆ. ಫೀಲ್ಡ್ ಮಾರ್ಷಲ್ ಕಾರ್ಯಪ್ಪ, ಜನರಲ್ ತಿಮ್ಮಯ್ಯ, ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ. 1837ರ ಅಕ್ಟೋಬರ್ 31ರಂದು ಇದೇ ಊರಿನ ಕೋಟೆಯಲ್ಲಿ ಬ್ರಿಟಿಷರು ಗಲ್ಲಿಗೇರಿಸಿದ ಗುಡ್ಡೆಮನೆ ಅಪ್ಪಯ್ಯ ಗೌಡರೂ ಇದ್ದಾರೆ. ಇವರ ಕೊರಳಿನ ಮಾಲೆಗೆ ಎಂದೂ ಬರ ಬಂದಿಲ್ಲ. ಬರ ಬಂದಿರುವುದು ಅವರ ಕಾಲದ ಒಂದು ನಡಾವಳಿಗೆ. ನಾಡಿಗೆ ಕಷ್ಟ ಬಂದರೆ ಅದನ್ನು ದೊಡ್ಡ ಮನೆಯೂ ಸಣ್ಣ ಮನೆಯೂ ಸೇರಿಯೇ ಹೊರಬೇಕು ಎಂಬ ಹಟ ಆಗಿನವರಲ್ಲಿತ್ತು. ಆ ಹಟ ಸಡಿಲವಾಗುತ್ತ ಬಂದದ್ದನ್ನು ನೋಡುತ್ತಲೇ ನಾನು ಮುದುಕಿಯಾದೆ.

1965ರಲ್ಲಿ ನನಗೆ ಎಂಟು ವರ್ಷ. ನಮ್ಮದು ಅರೆಭಾಷೆ ಗೌಡರ ಮನೆ. ಊರು ಮಡಿಕೇರಿಗೆ ಹತ್ತಿರವೇ, ಆದರೆ ಮಳೆಗಾಲದಲ್ಲಿ ಹೊಳೆ ದಾಟಿ ಬರಲು ಅರ್ಧ ದಿನ ಬೇಕಿತ್ತು. ಆ ವರ್ಷದ ಕೈಲ್ ಮುಹೂರ್ತದ ಹೊತ್ತಿಗೆ ಗಡಿಯಲ್ಲಿ ಯುದ್ಧ ಶುರುವಾಗಿತ್ತು. ನಾಟಿ ಮುಗಿದು, ನೇಗಿಲು ನೊಗ ತೊಳೆದು, ಕೋವಿಗೆ ತೋಕ್ ಹೂ ಸಿಕ್ಕಿಸಿ ದೇವರ ಮುಂದೆ ಇಡುವ ಹಬ್ಬ ಅದು. ಚಿಕ್ಕಪ್ಪ ಮಿಲಿಟ್ರಿಯಲ್ಲಿದ್ದ, ಪಂಜಾಬಿನ ಕಡೆ ಎಲ್ಲೋ. ಅವನ ಪಾಲಿನ ಎಲೆಯನ್ನು ಅಜ್ಜಿ ಹಾಕಿದಳು, ಬಡಿಸಿದಳು, ಆಮೇಲೆ ಆ ಎಲೆಯನ್ನು ನಾಯಿಗೂ ಹಾಕದೆ ದನದ ಮುಂದೆ ಇಟ್ಟಳು. ನಮ್ಮೂರಲ್ಲಿ ಅಂಥ ಎಲೆ ಹಾಕುವ ಮನೆಗಳು ಬಹಳವಿದ್ದವು.

ಆಮೇಲೆ ಬಂದದ್ದು ಸೋಮವಾರದ ಒಪ್ಪೊತ್ತು. ಅಮೆರಿಕದ ಗೋಧಿ ಹಡಗಿಗೆ ಕಾಯುತ್ತಿದ್ದ ದೇಶ ನಮ್ಮದು. ವಾರಕ್ಕೊಂದು ಹೊತ್ತಿನ ಊಟ ಬಿಡಿ ಎಂದು ಪ್ರಧಾನಿ ಲಾಲ್ ಬಹದ್ದೂರ್ ಶಾಸ್ತ್ರಿಗಳು ಕೇಳಿಕೊಂಡರು. ಪೇಟೆಗಳಲ್ಲಿ ಸೋಮವಾರ ಸಂಜೆ ಹೋಟೆಲುಗಳು ಬಾಗಿಲು ಹಾಕಿದವು. ನಮ್ಮ ಮನೆಯಲ್ಲಿ ಅಜ್ಜಿ ಒಲೆಗೆ ಬೆಂಕಿ ಹಾಕುವುದನ್ನೇ ನಿಲ್ಲಿಸಿದಳು. ಹಾಗಂತ ಅಕ್ಕಿ ಉಳಿಯಿತೆಂದು ಸುಮ್ಮನಿರುವ ಹೆಂಗಸಲ್ಲ ಅವಳು. ಪ್ರತಿ ಸೋಮವಾರ ಸಂಜೆ ದಿನದ ಲೆಕ್ಕದಂತೆಯೇ ಸೇರಿನಲ್ಲಿ ಅಕ್ಕಿ ಅಳೆದು, ಸೇರಿನ ಬಾಯಿಗೆ ಅಂಗೈ ಎಳೆದು ಸಮ ಮಾಡಿ, ಬೇರೆ ಭರಣಿಗೆ ಸುರಿಯುತ್ತಿದ್ದಳು. ತಿಂಗಳ ಕೊನೆಗೆ ಆ ಭರಣಿ ಶಾಲೆಗೆ ಹೋಗುತ್ತಿತ್ತು. ಮೇಷ್ಟ್ರು ಅಲ್ಲಿ ರಕ್ಷಣಾ ನಿಧಿಗೆ ಕೂಡಿಸುತ್ತಿದ್ದರು. ಹಣ ಇದ್ದವರು ಹಣ, ಅಕ್ಕಿ ಇದ್ದವರು ಅಕ್ಕಿ. ಅಕ್ಕಿಯನ್ನು ಸಂತೆಯಲ್ಲಿ ಮಾರಿ ದುಡ್ಡು ಮಾಡುತ್ತಿದ್ದರು.

ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿರುವುದು ಆ ಮೇಷ್ಟ್ರ ಪಟ್ಟಿ. ನಮ್ಮ ಗದ್ದೆ ಕೆಲಸಕ್ಕೆ ಬರುತ್ತಿದ್ದ ಒಬ್ಬ ಯರವ ಆಳಿದ್ದ. ಅವನ ಕೂಲಿ ಭತ್ತದ ಲೆಕ್ಕದಲ್ಲಿ. ಗುದ್ದಲಿ ಹಿಡಿಯುವವರು ಊಟ ಬಿಡಬಾರದು ಎಂದು ಅಜ್ಜಿ ಅವನಿಗೆ ಗದರಿಯೇ ಹೇಳಿದ್ದಳು. ಅವನು ತಲೆ ಆಡಿಸಿ, ಸೋಮವಾರ ತನ್ನ ಕೂಲಿಯ ಭತ್ತದಲ್ಲಿ ಒಂದು ಬೊಗಸೆ ತೆಗೆದು ಬಾಳೆಲೆಯಲ್ಲಿ ಕಟ್ಟಿ ನಮ್ಮ ಜೊತೆ ಶಾಲೆಗೆ ಬಂದ. ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು ಅವನ ಹೆಸರು ಕೇಳಿದರು, ಅವನ ಅಪ್ಪನ ಹೆಸರು ಕೇಳಿದರು, ಎರಡನ್ನೂ ಬರೆದುಕೊಂಡರು. ಅವನ ಹೆಸರಿನ ಮೇಲಿನ ಸಾಲಿನಲ್ಲಿ ಇನ್ನೂರು ಎಕರೆ ಕಾಫಿ ತೋಟದ ಸಾಹುಕಾರರ ಹೆಸರಿತ್ತು. ಒಂದೇ ಶಾಯಿ, ಒಂದೇ ಅಕ್ಷರ. ಅವನಿಗೆ ಓದಲು ಬರುತ್ತಿರಲಿಲ್ಲ. ತನ್ನ ಹೆಸರು ಯಾವುದು ಎಂದು ಕೇಳಿ, ಮೇಷ್ಟ್ರು ತೋರಿಸಿದಲ್ಲಿ ಬಗ್ಗಿ ನೋಡಿದ.

ಆ ಕಾಲದಲ್ಲಿ ಎಲ್ಲರೂ ಸಮಾನರಾಗಿದ್ದರು ಎಂದು ನಾನು ಹೇಳಿದರೆ ಅದು ಸುಳ್ಳಾದೀತು. ಭೂಮಿ ಯಾರದು, ದುಡಿಮೆ ಯಾರದು ಎಂಬುದು ಕೊಡಗಿನಲ್ಲಿ ಎಂದೋ ತೀರ್ಮಾನವಾಗಿಬಿಟ್ಟಿತ್ತು. ಆಯುಧ ಹಿಡಿದು ಸೇವೆ ಮಾಡುವ ಮನೆತನಗಳಿಗೆ ರಾಜರ ಕಾಲದಿಂದ ಕಡಿಮೆ ಕಂದಾಯಕ್ಕೆ, ವಂಶಪಾರಂಪರ್ಯವಾಗಿ ಬಂದದ್ದು ಜಮ್ಮಾ ಭೂಮಿ. ಆ ಕಾರಣಕ್ಕೇ ಜಮ್ಮಾ ಹಿಡುವಳಿದಾರರಿಗೆ ಕೋವಿಯ ಲೈಸೆನ್ಸಿನಿಂದ ಇಂದಿಗೂ ವಿನಾಯಿತಿ ಇದೆ. ಯರವರು, ಕುರುಬರಂಥ ಬುಡಕಟ್ಟಿನವರಿಗೆ ಆ ಭೂಮಿಯಲ್ಲಿ ಪಾಲಿರಲಿಲ್ಲ. ಆದರೂ ಕೊಡುವ ಪಟ್ಟಿಯಲ್ಲಿ ಆ ಯರವ ಆಳಿಗೊಂದು ಸಾಲು ಸಿಕ್ಕಿತ್ತು. ಅಷ್ಟಾದರೂ ಇತ್ತು.

ಒಪ್ಪೊತ್ತು ನಮ್ಮವರಿಗೆ ಕಷ್ಟವಾಗಲಿಲ್ಲ, ಅದಕ್ಕೆ ಕಾರಣ ದೇವರು. ನಮ್ಮ ಕಡೆ ಊರ ಹಬ್ಬಕ್ಕೆ ಕೆಲವು ದಿನ ಮೊದಲು ಕಟ್ಟು ಬೀಳುತ್ತದೆ. ಕಟ್ಟು ಬಿದ್ದ ಮೇಲೆ ಊರಿನಲ್ಲಿ ಯಾರೂ ಮಾಂಸ ತಿನ್ನುವಂತಿಲ್ಲ, ಮರ ಕಡಿಯುವಂತಿಲ್ಲ, ಮದುವೆ ಮಾಡುವಂತಿಲ್ಲ. ಊರ ಮುಖ್ಯಸ್ಥರಾದ ತಕ್ಕರ ಮನೆಗೂ ಅದೇ, ಡೋಲು ಬಡಿಯುವವನ ಮನೆಗೂ ಅದೇ. ತಪ್ಪಿದರೆ ದೇವರಿಗೆ ಒಬ್ಬೊಬ್ಬರೇ ಉತ್ತರ ಹೇಳುವ ಹಾಗಿಲ್ಲ, ಊರಿಗೆ ಊರೇ ಹೇಳಬೇಕು. ಹೀಗೆ ಕಟ್ಟು ಪಾಲಿಸಿ ಬೆಳೆದವರಿಗೆ ಶಾಸ್ತ್ರಿಗಳ ಮಾತು ಹೊಸದಾಗಿ ಕೇಳಿಸಲಿಲ್ಲ. ದೇಶಕ್ಕೆ ಕಟ್ಟು ಬಿದ್ದಿದೆ ಎಂದು ಅಜ್ಜಿ ಹೇಳುತ್ತಿದ್ದಳು. ನನ್ನ ಮಟ್ಟಿಗೆ ದೇಶಭಕ್ತಿ ಎಂದರೇನು ಎಂದು ಯಾರಾದರೂ ಕೇಳಿದರೆ ಇಂದಿಗೂ ನೆನಪಾಗುವುದು ಅದೇ ಮಾತು.

ಆ ಯುದ್ಧದಲ್ಲೇ ಕಾರ್ಯಪ್ಪನವರ ಮಗ, ವಾಯುಪಡೆಯ ಪೈಲಟ್ ನಂದಾ ಕಾರ್ಯಪ್ಪ ಪಾಕಿಸ್ತಾನದಲ್ಲಿ ಸೆರೆಯಾದರು. ಕಾರ್ಯಪ್ಪನವರು ಆಗ ನಿವೃತ್ತರಾಗಿ ಮಡಿಕೇರಿಯ ತಮ್ಮ ಮನೆ ರೋಶನಾರಾದಲ್ಲಿದ್ದರು. ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನ್ ದೇಶ ವಿಭಜನೆಗೆ ಮೊದಲು ಇವರ ಕೈಕೆಳಗೆ ಕೆಲಸ ಮಾಡಿದ್ದವರು. ಹಳೆಯ ಗೌರವಕ್ಕೆ ಮಗನನ್ನು ಬಿಟ್ಟುಕಳಿಸಲು ಸಿದ್ಧ ಎಂದು ಅವರಿಂದ ಸಂದೇಶ ಬಂತು. ಸೆರೆಯಲ್ಲಿರುವ ಭಾರತದ ಸೈನಿಕರೆಲ್ಲ ನನ್ನ ಮಕ್ಕಳೇ, ಒಬ್ಬನಿಗೆ ಬೇರೆ ಉಪಚಾರ ಬೇಡ ಎಂಬ ಅರ್ಥದ ಉತ್ತರ ಇಲ್ಲಿಂದ ಹೋಯಿತು. ಯುದ್ಧ ಮುಗಿದ ಮೇಲೆ, 1966ರಲ್ಲಿ, ಮಗ ಉಳಿದವರ ಜೊತೆಗೇ ಬಂದರು. ಈ ಕಥೆಯನ್ನು ಕೊಡಗಿನ ಮಕ್ಕಳಿಗೆ ಶೌರ್ಯದ ಕಥೆಯಾಗಿ ಹೇಳುತ್ತಾರೆ. ನನಗದು ಸಾಲಿನಲ್ಲಿ ನಿಲ್ಲುವ ಕಥೆ. ತನ್ನ ಮಗನನ್ನು ಸಾಲಿನಿಂದ ಮುಂದಕ್ಕೆ ತಳ್ಳುವ ಅವಕಾಶ ಕೈಯಲ್ಲಿದ್ದೂ ತಳ್ಳದೆ ಇದ್ದ ಅಪ್ಪನ ಕಥೆ.

ಅದೇ ಯುದ್ಧದಲ್ಲಿ, 1965ರ ಸೆಪ್ಟೆಂಬರ್ 7ರಂದು, ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಗೆ ಹೋಗಿದ್ದ ದೇವಯ್ಯನವರು ಮರಳಲಿಲ್ಲ. ತನ್ನ ವಿಮಾನಕ್ಕಿಂತ ಎಷ್ಟೋ ವೇಗದ ಸ್ಟಾರ್‌ಫೈಟರ್ ಒಂದನ್ನು ಉರುಳಿಸಿ ಅವರು ಮಡಿದಿದ್ದರು ಎಂಬುದು ನಮ್ಮವರಿಗೆ ತಿಳಿಯಲು ವರ್ಷಗಳೇ ಹಿಡಿದವು. ಮಹಾವೀರ ಚಕ್ರ ಬಂದದ್ದು 1988ರಲ್ಲಿ, 23 ವರ್ಷ ಕಳೆದ ಮೇಲೆ. ತ್ಯಾಗವನ್ನು ಕಾಗದದ ಮೇಲೆ ಏರಿಸಲು ಸರ್ಕಾರಗಳಿಗೆ ಎಷ್ಟು ಹೊತ್ತು ಬೇಕು ಎಂಬುದಕ್ಕೆ ಅವರ ಪ್ರತಿಮೆಯೂ ಸಾಕ್ಷಿ.

ಕಟ್ಟಿನ ನೆಪದಲ್ಲಿ ನಂಬಿಕೆಯ ಮಾತು ಬಂದದ್ದರಿಂದ ದೇವರಪುರದ ಬೇಡು ಹಬ್ಬವನ್ನು ಹೇಳದೆ ಮುಂದೆ ಹೋಗಲಾರೆ. ಮೇ ತಿಂಗಳ ಕೊನೆಯಲ್ಲಿ, ಮಳೆ ಹಿಡಿಯುವ ಮುಂಚೆ, ತೋಟದ ಕೂಲಿಯವರು ಇರುವ ಲೈನ್ ಮನೆಗಳಿಂದ, ಹಾಡಿಗಳಿಂದ ಕುರುಬರು, ಯರವರು ಸೇರುತ್ತಾರೆ. ಗಂಡಸರು ಹೆಣ್ಣಿನ ವೇಷ ಹಾಕಿ, ಸೋರೆಬುರುಡೆಯೋ ಡಬ್ಬವೋ ಸಿಕ್ಕಿದ್ದನ್ನು ಬಡಿಯುತ್ತ, ದಾರಿಯುದ್ದಕ್ಕೂ ದೇವರನ್ನು ಬೈಯುತ್ತ ಗುಡಿಗೆ ನಡೆಯುತ್ತಾರೆ. ಅಯ್ಯಪ್ಪ ದೇವರು ತಮ್ಮವರನ್ನು ಕರೆದುಕೊಂಡು ಬಂದು, ನಡುದಾರಿಯಲ್ಲಿ ಭದ್ರಕಾಳಿಯ ಹಿಂದೆ ಹೋಗಿಬಿಟ್ಟ ಎಂಬುದು ಅವರ ದೂರು. ಕೈಬಿಟ್ಟವನನ್ನು ವರ್ಷಕ್ಕೊಂದು ದಿನ ಬಾಯಿಗೆ ಬಂದಂತೆ ಬೈದು, ಸಂಜೆಗೆ ಕ್ಷಮೆ ಕೇಳಿ, ಕಾಣಿಕೆ ಹಾಕಿ ಮನೆಗೆ ಹೋಗುತ್ತಾರೆ. ಚಿಕ್ಕವಳಿದ್ದಾಗ ಆ ಬೈಗುಳಕ್ಕೆ ಕಿವಿ ಮುಚ್ಚಿಕೊಳ್ಳುತ್ತಿದ್ದೆ. ಈಗ ಅನ್ನಿಸುತ್ತದೆ, ನಡುದಾರಿಯಲ್ಲಿ ಕೈಬಿಡುವುದನ್ನು ಈ ನಾಡಿನಲ್ಲಿ ಅವರಷ್ಟು ಬಲ್ಲವರು ಬೇರೆ ಯಾರಿದ್ದಾರೆ? ದೇವರಾದರೂ ವರ್ಷಕ್ಕೊಮ್ಮೆ ಅವರ ಮಾತು ಕೇಳಿಸಿಕೊಳ್ಳುತ್ತಾನೆ.

2018ರ ಆಗಸ್ಟ್‌ಗೆ ಬರುತ್ತೇನೆ. ಆಟಿ ಎಂದೂ ಕರೆಯುವ ಕಕ್ಕಡ ತಿಂಗಳಲ್ಲಿ ಮಳೆ ಸುರಿಯುವುದು ನಮಗೆ ಹೊಸದೇನಲ್ಲ. ಆಟಿ ಹದಿನೆಂಟಕ್ಕೆ ಮದ್ದುಸೊಪ್ಪಿನ ಪಾಯಸ ಮಾಡಿ ತಿಂದು, ಇನ್ನು ಮಳೆ ಇಳಿಮುಖ ಎಂದುಕೊಳ್ಳುವುದು ವಾಡಿಕೆ. ಆ ವರ್ಷ ಇಳಿಯಲಿಲ್ಲ. ಸ್ವಾತಂತ್ರ್ಯ ದಿನದ ಆಚೀಚೆ ಜೋಡುಪಾಲ, ಮೊಣ್ಣಂಗೇರಿ, ಮಕ್ಕಂದೂರು, ಹಟ್ಟಿಹೊಳೆ, ಮುಕ್ಕೋಡ್ಲು, ಕಾಲೂರು, ಹೆಬ್ಬೆಟ್ಟಗೇರಿಯಲ್ಲಿ ಬರೆ ಜರಿಯಿತು. ಜರಿಯಿತು ಎಂದರೆ ದಾರಿಗೆ ಒಂದಿಷ್ಟು ಮಣ್ಣು ಬೀಳುವುದಲ್ಲ. ಕಾಫಿ, ಕರಿಮೆಣಸು, ಏಲಕ್ಕಿ, ಮನೆ, ಕೊಟ್ಟಿಗೆ, ಅಂಗಳ ಎಲ್ಲವನ್ನೂ ಹೊತ್ತುಕೊಂಡು ಬೆಟ್ಟದ ಒಂದು ಪಕ್ಕವೇ ಗದ್ದೆಗೆ ಇಳಿದುಬಂತು. ಮಡಿಕೇರಿ–ಸಂಪಾಜೆ ರಸ್ತೆ ತುಂಡಾಗಿ ಮಂಗಳೂರಿನ ದಾರಿ ತಿಂಗಳುಗಟ್ಟಲೆ ಸರಿಹೋಗಲಿಲ್ಲ. ಮಳೆಯ ಜೊತೆಗೆ, ಇಳಿಜಾರುಗಳನ್ನು ಮನಬಂದಂತೆ ಕಡಿದದ್ದು, ನೀರು ಹರಿಯುವ ದಾರಿ ಮುಚ್ಚಿದ್ದು ಕಾರಣವೆಂದು ಭೂವಿಜ್ಞಾನಿಗಳು ಹೇಳಿದರು. ಕೊಡಗಿನಲ್ಲಿ 1,200ಕ್ಕೂ ಹೆಚ್ಚು ದೇವರಕಾಡುಗಳಿವೆ. ಅಲ್ಲಿ ಕತ್ತಿ ಆಡಿಸಬಾರದು, ಮಣ್ಣು ಅಗೆಯಬಾರದು ಎಂಬ ಕಟ್ಟಳೆ ಇತ್ತು. ಆ ಕಟ್ಟಳೆಗೆ ಹೆದರುತ್ತಿದ್ದ ಕಾಲದಲ್ಲಿ ಬೆಟ್ಟದ ಮೇಲೆ ಜೆಸಿಬಿ ಹತ್ತಿಸುವ ಧೈರ್ಯ ಯಾರಿಗೂ ಬರುತ್ತಿರಲಿಲ್ಲ.

ನಾನು ಮೈಸೂರಿನಲ್ಲಿ ನೆಲೆಸಿ ವರ್ಷಗಳಾಗಿವೆ. ದಾರಿ ತೆರೆದ ಕೂಡಲೇ ಮಡಿಕೇರಿಗೆ ಹೋದೆ. ಸಮಾಜದ ಕಟ್ಟಡಗಳು, ಕಲ್ಯಾಣ ಮಂಟಪಗಳು, ಶಾಲೆಗಳು ಎಲ್ಲ ಆಶ್ರಯ ಕೇಂದ್ರಗಳಾಗಿದ್ದವು. ನಾಡಿನ ಮೂಲೆಮೂಲೆಗಳಿಂದ ಲಾರಿಗಳಲ್ಲಿ ಅಕ್ಕಿ, ಕಂಬಳಿ, ರೊಟ್ಟಿ, ಹಾಲಿನ ಪುಡಿ ಬಂದು ಬಿದ್ದಿತ್ತು. ಸೈನಿಕರು ಹಗ್ಗ ಕಟ್ಟಿ ಮುದುಕರನ್ನು ಹೆಗಲ ಮೇಲೆ ಹೊತ್ತು ತಂದಿದ್ದರು. ಮಿಲಿಟ್ರಿಗೆ ಮಕ್ಕಳನ್ನು ಕಳಿಸುತ್ತಿದ್ದ ನಾಡನ್ನು ಮಿಲಿಟ್ರಿಯೇ ಬಂದು ಎತ್ತಿಕೊಂಡಿತು. ಒಂದು ಕೇಂದ್ರದಲ್ಲಿ ನಾನು ಅಡುಗೆಗೆ ಕೈಜೋಡಿಸಿದೆ. ಅಲ್ಲಿ ಒಂದೇ ಜಮಖಾನದ ಮೇಲೆ, ಒಂದು ತುದಿಯಲ್ಲಿ ನಲವತ್ತು ಎಕರೆ ತೋಟ ಕಳೆದುಕೊಂಡ ಹಿರಿಯರು, ಅವರ ಪಕ್ಕಕ್ಕೆ ಅದೇ ತೋಟದ ಲೈನ್ ಮನೆಯಲ್ಲಿದ್ದ ಕೂಲಿಯವಳು, ಅವಳ ಮಡಿಲಲ್ಲಿ ಮಗು. ಆ ಹಿರಿಯರು ತಮ್ಮ ತಟ್ಟೆಯ ಬಾಳೆಹಣ್ಣನ್ನು ಸುಲಿದು ಆ ಮಗುವಿಗೆ ತಿನ್ನಿಸಿದರು. ಊಟದ ಸಾಲಿನಲ್ಲಿ ಮುಂದೆ ಬನ್ನಿ ಎಂದು ಹುಡುಗರು ಕರೆದಾಗ, ಬೇಡ, ನನ್ನ ಸರದಿ ಬರಲಿ ಎಂದರು. ಬಟ್ಟಲು ಹಿಡಿದು ನಿಂತ ನನಗೆ ಗಂಟಲು ಕಟ್ಟಿತು. ಇನ್ನೂ ಹೋಗಿಲ್ಲ, ನಮ್ಮವರಲ್ಲಿ ಆ ಹಳೆಯ ಹಟ ಇನ್ನೂ ಇದೆ ಎಂದುಕೊಂಡೆ.

ಇದ್ದದ್ದು ಜಮಖಾನ ಮಡಚುವ ತನಕ.

ಮೊದಲು ಹೋದವರು ಬೇರೆಡೆ ಮನೆ ಇದ್ದವರು. ಬೆಂಗಳೂರಿನಿಂದ ಮಕ್ಕಳ ಕಾರುಗಳು ಬಂದವು. ಅದರಲ್ಲಿ ತಪ್ಪೇನಿದೆ? ಊರಲ್ಲಿದ್ದ ನಮ್ಮಣ್ಣನನ್ನೂ ನಾನು ಹಾಗೆಯೇ ಕರೆದುಕೊಂಡು ಹೋದೆ. ಆಮೇಲೆ ನೆಂಟರಿದ್ದವರು ನೆಂಟರ ಮನೆಗೆ ಹೋದರು. ಉಳಿದವರ ಮುಂದೆ ಮೇಜು ಹಾಕಿ ಕಾಗದ ಕೇಳಲಾಯಿತು. ಪಹಣಿ ಇದೆಯೇ? ಮನೆ ನಂಬರ್ ಇದೆಯೇ? ಕಂದಾಯ ಕಟ್ಟಿದ ರಸೀದಿ? ಬೆಟ್ಟವೇ ಹೋಗಿರುವಾಗ ರಸೀದಿ ಉಳಿಯುವುದೆಲ್ಲಿ?

ಜಮ್ಮಾ ಭೂಮಿಯವರಿಗೂ ಇದು ಸಲೀಸಾಗಿರಲಿಲ್ಲ. ಪಹಣಿಯಲ್ಲಿ ಮನೆತನದ ಹಿರಿಯನಾದ ಪಟ್ಟೇದಾರನ ಹೆಸರು, ಅದರ ಜೊತೆಗೆ ಎಂದೋ ತೀರಿಹೋದವರ ಹೆಸರು, ಊರು ಬಿಟ್ಟ ದಾಯಾದಿಗಳ ಹೆಸರು. ಸಹಿ ಹಾಕಿಸಲು ಎಲ್ಲೆಲ್ಲಿಗೆ ಅಲೆಯುವುದು? ಸಿಕ್ಕ ಪರಿಹಾರವಾದರೂ ಎಷ್ಟು? ಆಗ ಜಾರಿಯಲ್ಲಿದ್ದ ವಿಪತ್ತು ಪರಿಹಾರ ನಿಧಿಯ ನಿಯಮದ ಪ್ರಕಾರ ಕುಸಿತದಲ್ಲಿ ಭೂಮಿಯೇ ಕೊಚ್ಚಿಹೋದರೆ ಹೆಕ್ಟೇರಿಗೆ 37,500 ರೂಪಾಯಿ, ಅದೂ ಸಣ್ಣ, ಅತಿಸಣ್ಣ ಹಿಡುವಳಿದಾರರಿಗೆ. ಎಕರೆಗೆ ಲೆಕ್ಕ ಹಾಕಿದರೆ ಸುಮಾರು 15,000. ಗಿಡ ನೆಟ್ಟು, ನೆರಳಿನ ಮರ ಬೆಳೆಸಿ, ಮೆಣಸಿನ ಬಳ್ಳಿ ಹಬ್ಬಿಸಿ ಮೂರು ತಲೆಮಾರು ಸವೆಸಿದ ಎಕರೆಗೆ ಹದಿನೈದು ಸಾವಿರ! ಆದರೂ ಅವರಿಗೆ ಕೇಳಲು ಒಂದು ಸರ್ವೆ ನಂಬರ್ ಇತ್ತು. ಕೋರ್ಟಿಗೆ ಹೋಗಲು, ಶಾಸಕರ ಮುಂದೆ ನಿಲ್ಲಲು, ಪತ್ರಿಕೆಗೆ ಬರೆಯಲು ಒಂದು ಹೆಸರಿತ್ತು.

ಲೈನ್ ಮನೆಯವರಿಗೆ ಅದೂ ಇರಲಿಲ್ಲ. ಮನೆ ಯಾರದು? ತೋಟದ್ದು. ಹಾಗಾದರೆ ಬಿದ್ದದ್ದು ತೋಟದ ಮನೆ, ನಿನ್ನದೇನು ಹೋಯಿತು? ಜಮಖಾನದ ಮೇಲೆ ಮಗುವನ್ನು ಮಲಗಿಸಿಕೊಂಡಿದ್ದ ಆ ಕೂಲಿಯವಳಿಗೆ ಮೇಜಿನ ಆಚೆಯಿಂದ ಬಂದ ಪ್ರಶ್ನೆ ಇದೇ. ಅವಳು ಎಣಿಸಿ ಹೇಳಿದಳು: ಕುಕ್ಕರ್, ಎರಡು ಕೋಳಿ, ದೊಡ್ಡ ಮಗಳ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಒಂದು ಜೊತೆ ಕಾಲ್ಗೆಜ್ಜೆ. ಕೆಲಸವೂ ಹೋಯಿತು, ಏಕೆಂದರೆ ತೋಟವೇ ಇಲ್ಲ. ಈ ಪೈಕಿ ಯಾವುದಕ್ಕೂ ಆ ನಮೂನೆಯಲ್ಲಿ ಕಾಲಂ ಇರಲಿಲ್ಲ. ಬರೆದುಕೊಳ್ಳುತ್ತಿದ್ದವರು ಕೆಟ್ಟವರಲ್ಲ, ನಿದ್ದೆಗೆಟ್ಟು ದಣಿದಿದ್ದರು. ಅವರ ಕೈಗೆ ಕೊಟ್ಟ ಕಾಗದದಲ್ಲಿ ಮನೆಯ ಯಜಮಾನನಿಗೆ ಜಾಗವಿತ್ತು, ಮನೆಯಲ್ಲಿ ಮಲಗುವವರಿಗೆ ಜಾಗವಿರಲಿಲ್ಲ. ಪಟ್ಟಿ ಅಂತಿಮವಾದಾಗ ಅವಳ ಹೆಸರು ಅದರಲ್ಲಿರಲಿಲ್ಲ. ಅವಳ ಸಂಸಾರ ಕುಶಾಲನಗರದ ಕಡೆ ಕೂಲಿ ಹುಡುಕಿಕೊಂಡು ಹೋಯಿತು ಎಂದಷ್ಟೇ ಆಮೇಲೆ ತಿಳಿಯಿತು.

ಸರ್ಕಾರ ಏನೂ ಮಾಡಲಿಲ್ಲ ಎಂದು ನಾನು ಹೇಳುತ್ತಿಲ್ಲ. ಕರ್ಣಂಗೇರಿ, ಮದೆನಾಡು, ಜಂಬೂರಿನಲ್ಲಿ ಎರಡು ಮಲಗುವ ಕೋಣೆಯ ಗಟ್ಟಿ ಮನೆಗಳು ಎದ್ದಿವೆ. ಹೋಗಿ ನೋಡಿದ್ದೇನೆ. ಅಂಗಳದಲ್ಲಿ ಸೇವಂತಿಗೆ ನೆಟ್ಟಿದ್ದಾರೆ. ಸಂಘ ಸಂಸ್ಥೆಗಳೂ ದೊಡ್ಡ ಮನಸ್ಸು ಮಾಡಿದವು. ಆದರೆ ಮರುವರ್ಷ, 2019ರಲ್ಲಿ, ನೆಲ್ಯಹುದಿಕೇರಿ, ಕರಡಿಗೋಡಿನಲ್ಲಿ ಕಾವೇರಿ ನುಗ್ಗಿದಾಗಲೂ ಪ್ರಶ್ನೆ ಅದೇ ಆಯಿತು. ಹೊಳೆದಂಡೆಯ ಪೈಸಾರಿಯಲ್ಲಿ, ಅಂದರೆ ಸರ್ಕಾರಿ ಜಾಗದಲ್ಲಿ, ಹಕ್ಕುಪತ್ರವಿಲ್ಲದೆ ದಶಕಗಳಿಂದ ಇದ್ದವರು ಮನೆಗಾಗಿ ವರ್ಷಗಟ್ಟಲೆ ಕಾಯಬೇಕಾಯಿತು. 2024ರ ಜುಲೈ 30ರಂದು ಬೆಟ್ಟದ ಆಚೆ, ವಯನಾಡಿನ ಮುಂಡಕ್ಕೈ, ಚೂರಲ್‌ಮಲೆಯಲ್ಲಿ ಚಹಾ ತೋಟದ ಪಾಡಿಗಳನ್ನು ಹೊಳೆ ಹೊತ್ತೊಯ್ದಿತು. ಪಾಡಿ ಎಂದರೆ ನಮ್ಮ ಲೈನ್ ಮನೆಯೇ. ಟಿ.ವಿ.ಯಲ್ಲಿ ಆ ಉದ್ದನೆಯ ಗೋಡೆಗಳ ಗುರುತನ್ನು ನೋಡುತ್ತ ನನಗೆ ಬೇರೆ ಊರು ಎನ್ನಿಸಲೇ ಇಲ್ಲ.

ಇತ್ತ ನಮ್ಮೂರಿನ ಗುಡಿಗೆ ಜೀರ್ಣೋದ್ಧಾರವಾಗಿದೆ. ಗ್ರಾನೈಟ್ ನೆಲ, ಹಿತ್ತಾಳೆ ಕೊಡೆ, ಗೋಡೆಯ ಮೇಲೆ ದಾನಿಗಳ ಹೆಸರಿನ ಕಲ್ಲು. ಲಕ್ಷ ಕೊಟ್ಟವರ ಹೆಸರು ದೊಡ್ಡಕ್ಷರದಲ್ಲಿ ಮೇಲೆ, ಹತ್ತು ಸಾವಿರದವರು ಸಣ್ಣಕ್ಷರದಲ್ಲಿ ಕೆಳಗೆ, ಅದಕ್ಕಿಂತ ಕಡಿಮೆ ಕೊಟ್ಟವರ ಹೆಸರಿಲ್ಲ. ಕಟ್ಟು ಈಗಲೂ ಬೀಳುತ್ತದೆ, ಆದರೆ ಹೋಂಸ್ಟೇಗಳಿಗೆ ವಿನಾಯಿತಿ, ಅತಿಥಿಗಳು ಕೋಳಿ ಕೇಳುತ್ತಾರಂತೆ. ಮನೆತನದ ಐನ್‌ಮನೆಗಳಿಗೆ ಬೀಗ. ಮಿಲಿಟ್ರಿಗೆ ಹೋಗುವ ಹುಡುಗರು ಕಡಿಮೆ. ನನ್ನ ಮೊಮ್ಮಕ್ಕಳೇ ಹೋಗುವುದಿಲ್ಲ, ಅವರನ್ನು ದೂರುವುದಿಲ್ಲ. ತೋಟಗಳಲ್ಲಿ ಈಗ ದುಡಿಯುವವರಲ್ಲಿ ಅಸ್ಸಾಮಿನಿಂದ ಬಂದವರು ಬಹಳ. ಅವರ ಹೆಸರು ನಮಗೆ ಸರಿಯಾಗಿ ಬಾಯಿಗೆ ಬರುವುದಿಲ್ಲ. ನಾಳೆ ಬರೆ ಜರಿದರೆ ಮಣ್ಣಿನಡಿ ಎಷ್ಟು ಜನರಿದ್ದಾರೆ ಎಂದು ಹೇಳಲೂ ಯಾರಿಗೂ ತಿಳಿಯದ ಸ್ಥಿತಿ.

ಅಜ್ಜಿ 1983ರಲ್ಲಿ ತೀರಿಕೊಂಡಳು. ಚಿಕ್ಕಪ್ಪ ಯುದ್ಧದಿಂದ ಬದುಕಿ ಬಂದು, ಗದ್ದೆ ಮಾಡಿ, ಮೊಮ್ಮಕ್ಕಳನ್ನು ಆಡಿಸಿ ಹೋದ. ಸೋಮವಾರದ ಒಪ್ಪೊತ್ತನ್ನು ಅಜ್ಜಿ ಯುದ್ಧ ಮುಗಿದು ಎಷ್ಟೋ ಕಾಲದ ನಂತರವೂ ಬಿಡಲಿಲ್ಲ. ಯಾರು ಕೇಳಿದರೂ, ನಿಲ್ಲಿಸಿ ಎಂದು ಶಾಸ್ತ್ರಿಗಳು ಹೇಳಿಲ್ಲವಲ್ಲ ಎನ್ನುತ್ತಿದ್ದಳು. ಶಾಸ್ತ್ರಿಗಳು ತಾಷ್ಕೆಂಟಿನಲ್ಲಿ ತೀರಿಕೊಂಡದ್ದು ಅವಳಿಗೆ ಗೊತ್ತಿತ್ತು. ಹೇಳುವವರು ಹೋದರೆ ಮಾತು ಹೋಗುವುದಿಲ್ಲ ಎಂಬುದು ಅವಳ ನಂಬಿಕೆ.

ತೋಟ ಇರುವ ಕೊಡಗಿನ ಓದುಗರಲ್ಲಿ ಒಂದು ವಿನಂತಿ. ನಿಮ್ಮನ್ನು ಯಾರೂ ಒಪ್ಪೊತ್ತು ಮಾಡಿ ಎನ್ನುತ್ತಿಲ್ಲ. ಮುಂಗಾರಿಗೆ ಮೊದಲು, ನಿಮ್ಮ ಲೈನ್ ಮನೆಗಳಲ್ಲಿ ರಾತ್ರಿ ಮಲಗುವವರೆಲ್ಲರ ಹೆಸರು, ಅವರ ಅಪ್ಪ ಅಮ್ಮಂದಿರ ಹೆಸರು, ಎಷ್ಟು ವರ್ಷದಿಂದ ಅಲ್ಲಿದ್ದಾರೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು, ನೀವೇ ಸಹಿ ಹಾಕಿ, ಗ್ರಾಮ ಪಂಚಾಯಿತಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಅದರ ಒಂದು ಪ್ರತಿ ಅವರ ಕೈಯಲ್ಲೂ ಇರಲಿ. ಕಾನೂನು ಅದಕ್ಕೆ ಎಷ್ಟು ಬೆಲೆ ಕೊಡುತ್ತದೋ ಕೊಡಲಿ, ಮೇಜಿನ ಮುಂದೆ ನಿಂತಾಗ ಅವರ ಕೈ ಬರಿದಾಗಿರಬಾರದು. ನಮ್ಮಣ್ಣ ಈ ವರ್ಷ ಕೊಟ್ಟಿದ್ದಾನೆ. ನೀವೂ ಕೊಡಿ.